ಹಾಡಿ ಎಣಿಸಿದ ನೀರು

"ಕೇಳ್ರಪ್ಪೋ ಕೇಳ್ರಿ! ರಾಣಿ ತಿಪ್ಪಾಜಿಯವರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದವನನ್ನ ಒಣಬಾವಿಗೆ ಇಳಿಸಿ, ಅಮಾವಾಸ್ಯೆ ದಿನ ಮಣ್ಣು ಮುಚ್ತಾರೆ!"

ಕರಿಗಲ್ಲುದುರ್ಗದ ಬಾವಿಗಳು ಒಂದರ ಹಿಂದೊಂದು ಬತ್ತುತ್ತಿದ್ದವು. ಡಂಗುರ ಹೊಡೆಸಿದ್ದು ಅದಕ್ಕೇ. ಬಹುಮಾನದ ಆಸೆಗೆ ಸಾಹುಕಾರರ ಮಕ್ಕಳು ನುಗ್ಗಿದರು, ತಪ್ಪು ಹೇಳಿ ಬಾವಿ ಸೇರಿದರು. ಮೀಸೆ ತಿರುವಿಕೊಂಡು ಹೋದ ಓಬಯ್ಯನೂ ಅಲ್ಲೇ ಕೂತ. ಅಮಾವಾಸ್ಯೆ ಬಂದೇಬಿಟ್ಟಿತು. ಕೋಟೆಯೊಳಗಿನ ಆ ಒಣಬಾವಿಯ ದಂಡೆಯಲ್ಲಿ, ರಾಣಿಯ ಎದುರೇ, ಮಣ್ಣಿನ ಗಾಡಿಗಳು ಸಾಲುಗಟ್ಟಿದವು.

ಓಬಯ್ಯನ ತಮ್ಮ ಚಿತ್ತಯ್ಯ ಕಪಿಲೆ ಹೊಡೆಯುವವನು, ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ಬಾವಿಯ ನೀರೆಳೆಯುವುದು ಅವನ ಕೆಲಸ. ಸುದ್ದಿ ಕೇಳಿದ್ದೇ ತಡ, ಕೋಟೆಯ ಮೆಟ್ಟಿಲು ಹತ್ತಿ ಓಡೋಡಿ ಬಂದ.

"ನಿಲ್ಲಿಸಿ! ನನ್ನ ಕೇಳಿ ತಾಯಿ!"

ರಾಣಿ ಕೇಳಿದಳು: "ಒಬ್ಬ ಕುಡಿದರೆ ಊರಿಗೆಲ್ಲ ಬಾಯಾರಿಕೆ ತರುವ ಗಡಿಗೆ ಯಾವುದು?"

"ಸಮುದ್ರ ಅನ್ಬೇಡ ಕಣೋ! ನಾನು ಅಂದು ಕೆಟ್ಟೆ!" ಓಬಯ್ಯ ಬಾವಿಯೊಳಗಿಂದ ಅರಚಿದ.

"ನೆಲದಡಿಯ ನೀರು ತಾಯಿ. ಬಾವಿ ಬೇರೆಬೇರೆ, ಸೆಲೆ ಒಂದೇ. ನಾನು ಎಳೆದಷ್ಟೂ ನೆರೆಯವನದು ಬತ್ತುತ್ತೆ."

"ಬಿಟ್ಟಿ ಕೊಟ್ಟರೆ ಗಡಿಗೆ ಬರಿದು, ಬೆಲೆ ಕಟ್ಟಿದರೆ ಬಡವ ಬರಿದು. ಎರಡೂ ಉಳಿಸುವ ಬೆಲೆ ಯಾವುದು?"

ಚಿತ್ತಯ್ಯನಿಗಿನ್ನೂ ಏದುಸಿರು. ತಿರುಗಿ ಕೋಟೆಯ ಮೆಟ್ಟಿಲು ನೋಡಿದ, ಮುಖ ಅರಳಿತು. "ಮೆಟ್ಟಿಲಿನ ಬೆಲೆ! ರಾಗಿ ಬೆಳೆಯೋಷ್ಟು ನೀರು ಬಿಟ್ಟಿ. ಅದರ ಮೇಲೆ ಚೀಲಕ್ಕೊಂದು ಸೇರು ಕಾಳು. ಇನ್ನೂ ಬೇಕೋ, ನಾಲ್ಕು ಸೇರು. ಹತ್ತಿದಷ್ಟೂ ಆಸೆಬುರುಕನಿಗೇ ಏದುಸಿರು ಬರಲಿ."

"ಆ ಚೀಲಗಳನ್ನು ಎಣಿಸುವ, ಲಂಚ ಮುಟ್ಟದ ಕಾವಲುಗಾರ ಯಾರು?"

ಒಂದು ಗಾಡಿ ಆಗಲೇ ಬಾವಿಯತ್ತ ವಾಲಿತು. ಗಾಬರಿಯಾದಾಗ ಕಪಿಲೆ ಹಾಡು ಗುನುಗುವುದು ಚಿತ್ತಯ್ಯನ ಚಾಳಿ. ಗುನುಗಿದವನೇ ಎಗರಿ ಕುಣಿದ!

"ಹಾಡು ತಾಯಿ, ಹಾಡು! ಚೀಲಕ್ಕೊಂದು ಸೊಲ್ಲು ಹಾಡದಿದ್ರೆ ನಮ್ಮೆತ್ತು ಹಿಂದಕ್ಕೆ ಹೆಜ್ಜೆಯಿಟ್ಟು ಚೀಲ ಬಾವಿಗಿಳಿಸಲ್ಲ. ನೀರಿಗಾಗಿ ಕಾದಿರೋ ನೆರೆಯವನ ಕಿವಿಯೇ ಕಾವಲು!"

ಜನ ಹೋ ಎಂದು ಕೂಗಿದರು. "ಏನು ಬೇಕೋ ಕೇಳು," ಎಂದಳು ರಾಣಿ.

"ಬಾವಿಯಲ್ಲಿರೋರ ಜೀವ. ಆಮೇಲೆ... ನಿಮ್ಮ ನಿದ್ದೆ ಕೆಡುತ್ತೇಂತ ಅರಮನೆ ತೋಟದ ಕಪಿಲೆಗೆ ಮಾತ್ರ ಹಾಡಿಲ್ಲ, ಹಗಲೂ ರಾತ್ರಿ ಬರೀ ಚಾವಟಿ. ಅಲ್ಲೂ ಹಾಡಲಿ."

ರಾಣಿಯ ಮುಖ ಕೆಂಪಾಯಿತು. ಕೊನೆಗೆ ಅವಳೇ ತೋಟದತ್ತ ಕೂಗಿದಳು: "ಹಾಡ್ರೋ!"

ತೋಟದಲ್ಲಿ ಹಾಡೆದ್ದಿತು. ಊರಿಗೆ ಊರೇ ಸೊಲ್ಲು ಎಣಿಸಿತು. ಬಿಟ್ಟಿ ಮೆಟ್ಟಿಲು ದಾಟಿತು, ಒಂದು ಸೇರಿನದೂ ದಾಟಿತು. ನಾಲ್ಕು ಸೇರಿನದು ಶುರುವಾದಾಗ ರಾಣಿ, "ಸಾಕು, ಎತ್ತು ಬಿಚ್ಚಿ!" ಎಂದಳು. ಎಷ್ಟೋ ವರ್ಷಗಳ ಮೇಲೆ ತೋಟದ ಕಪಿಲೆ ನಿಂತಿತು.

ಅಣ್ಣನಿಗೆ ಹಗ್ಗ ತರಲು ಚಿತ್ತಯ್ಯ ಅತ್ತ ಓಡುತ್ತಿದ್ದಂತೆ ಒಣಬಾವಿಯೊಳಗಿಂದ ಕೂಗು ಕೇಳಿತು.

"ಬೇಗ ಬಾರೋ ತಮ್ಮಾ! ಕಾಲು ನೆನೀತಿದೆ!"