ಐದನೆಯ ದಿನದ ಗೋಡೆ

ಹೊಳೆಯ ದಂಡೆಯಲ್ಲಿ ನಿಂಬೆವ್ವನ ಹಳೆಯ ಮಣ್ಣಿನ ಮನೆ. ಆ ವರ್ಷದ ನೆರೆ ಅದರ ಬುಡ ನೆನೆಸಿ ಹೋಗಿತ್ತು.

ಸಾವಂತ್ರಿ ಎದುರಿನ ಕಲ್ಲಿನ ಮೇಲೆ ಕೂತು, ದಿನಕ್ಕೊಂದು ಚಿತ್ರದಂತೆ ಐದು ದಿನ, ಆ ಮನೆಯನ್ನೇ ಮೆತ್ತನೆಯ ಪೇಸ್ಟಲ್ ಬಣ್ಣಗಳಲ್ಲಿ ಬರೆದಳು. ಹಿಂದೆ ಹೊಳೆ, ಆಚೆ ಮಸುಕು ಗುಡ್ಡ.

ಐದನೆಯ ಸಂಜೆ ಐದೂ ಚಿತ್ರಗಳನ್ನು ತನಗೆ ಚಿತ್ರಕಲೆ ಕಲಿಸುವ ಗುರುಗಳ ಮುಂದೆ ಸಾಲಾಗಿ ಹಾಸಿದಳು. ಈ ಸಲವಾದರೂ ಭೇಷ್ ಅನ್ನಿಸಿಕೊಳ್ಳಬೇಕೆಂಬ ಆಸೆ. ಎರಡು ವರ್ಷದಲ್ಲಿ ಒಮ್ಮೆಯೂ ಆ ಮಾತು ಅವರ ಬಾಯಿಂದ ಬಂದಿರಲಿಲ್ಲ.

"ಗುಡ್ಡದ ಬಣ್ಣ ಚಲೋ ಕೂತದ," ಅಂದರು ಗುರುಗಳು.

ಅವಳ ಮುಖ ಅರಳಿತು.

"ಆದ್ರ ಈ ಎಡಗಡೆ ಗ್ವಾಡಿ ಯಾಕವ್ವಾ ಹೊರಗ ವಾಲೇದ? ದಿನಾ ಒಂಚೂರು ಹೆಚ್ಚಿಗಿ ವಾಲಿಕೋತ ಹೊಂಟದ."

ಸಾವಂತ್ರಿ ನಾಲಿಗೆ ಕಚ್ಚಿಕೊಂಡಳು. "ಕೈ ತಪ್ಪಿತ್ರಿ. ಇವತ್ತಿಂದು ನೋಡ್ರಿ, ತಿದ್ದೇನಿ. ನೆಟ್ಟಗ."

"ಇವತ್ತ ನಿನ್ನ ಕಣ್ಣಿಗೆ ನೆಟ್ಟಗ ಕಂಡಿತೇನು?"

"ಇಲ್ರಿ. ಇನ್ನೂ ವಾಲಿದಂಗ ಕಾಣ್ತಿತ್ತು. ನನ್ನ ಕಣ್ಣ ನಾನ ನಂಬಲಿಲ್ರಿ."

ಗುರುಗಳು ಮೊದಲ ನಾಲ್ಕು ಚಿತ್ರಗಳನ್ನು ಇನ್ನೊಮ್ಮೆ ನೋಡಿದರು. ಎದ್ದವರೇ ಚಿತ್ರಗಳನ್ನು ತುಳಿದುಕೊಂಡು ಬರಿಗಾಲಲ್ಲಿ ಹೊಳೆಯತ್ತ ಓಡಿದರು. ಎಪ್ಪತ್ತು ದಾಟಿದ ಮನುಷ್ಯ ಹಾಗೆ ಓಡುವುದನ್ನು ಅವಳು ಕಂಡಿರಲಿಲ್ಲ. ಏನೂ ತಿಳಿಯದೆ ಹಿಂದೆಯೇ ಓಡಿದಳು.

ನಿಂಬೆವ್ವ ಆ ಎಡಗೋಡೆಗೆ ಹೊಂದಿಕೊಂಡಿದ್ದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ತೊಟ್ಟಿಲಲ್ಲಿ ಮೊಮ್ಮಗು.

"ನಿಂಬೆವ್ವಾ, ಹೊರಗ ಬಾ!"

"ಹಂಚಿನ ಮ್ಯಾಗ ರೊಟ್ಟಿ ಐತ್ರಿ ಮಾಸ್ತರ! ಹಸಿವಾಗಿದ್ರ ಕೂತು ಉಣ್ರಿ, ಹಿಂಗ್ಯಾಕ ಚೀರ್ತೀರಿ?"

ಗುರುಗಳು ಕೂಸನ್ನು ಎತ್ತಿ ಸಾವಂತ್ರಿಯ ಕೈಗೆ ಹಾಕಿದರು. ಮುದುಕಿಯನ್ನು ರಟ್ಟೆ ಹಿಡಿದು ಎಳೆದರು. ಅವಳು ಬೈಯುತ್ತಲೇ ಅಂಗಳ ದಾಟಿದಳು.

ಬೈಗುಳ ಇನ್ನೂ ಬಾಯಲ್ಲಿತ್ತು. ಗೋಡೆ ಹೊರಕ್ಕೆ ಮಲಗಿತು. ಮೇಲಿನ ಮಣ್ಣಿನ ಮಾಳಿಗೆ ಕುಸಿದು ಬಂದು ಒಲೆಯ ಮೇಲೆ ಕೂತಿತು.

ದೂಳು ಇಳಿಯಿತು. ನಿಂಬೆವ್ವ ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಿದ್ದಳು.

ಸಾವಂತ್ರಿ ಕೂಸನ್ನು ಎದೆಗವಚಿಕೊಂಡಳು. "ಐದು ದಿನ ಎದುರಿಗೇ ಕೂತಿದ್ನಲ್ರೀ ಗುರುಗಳ... ಇನ್ನ ನಾ ಬಣ್ಣ ಮುಟ್ಟೂದಿಲ್ರಿ."

ಗುರುಗಳು ಕೂಸನ್ನು ಅವಳ ಕೈಯಿಂದ ಮೆಲ್ಲಗೆ ಇಸಿದುಕೊಂಡರು.

"ನಾಳೆ ಮುಂಜಾನೆ ಬಂದು ಕೂಡು," ಅಂದರು. "ಬಿದ್ದ ಗ್ವಾಡೀನ ಬರಿ. ಎಷ್ಟು ಬಿದ್ದದೋ ಅಷ್ಟು."