ಇರುವೆಗಳ ಸರ್ಕಲ್ಲು

ಇರುವೆಗಳ ನಾಲ್ಕು ದಾರಿಗಳು ಕೂಡುವ ಜಾಗದಲ್ಲಿ ಒಂದು ಗೋಸುಂಬೆ ಕಾವಲಿಗಿತ್ತು. ಅದು ಕೆಂಪಾದರೆ ಇರುವೆಗಳು ನಿಲ್ಲಬೇಕು, ಹಸಿರಾದರೆ ನಡೆಯಬೇಕು. ಎದುರಿಗೆ ಯಾರೂ ಬಾರದಿದ್ದಾಗಲೂ ನಿಂತು ನಿಂತು ಇರುವೆಗಳು ರೋಸಿಹೋದವು. ಕೊನೆಗೆ ಗೋಸುಂಬೆಯನ್ನು ಬೇಲಿಗೆ ಅಟ್ಟಿ, ಸಾವಿರಕಾಲಿನ ಹುಳುವನ್ನು ಕರೆತಂದವು.

ಹುಳು ನಟ್ಟನಡುವೆ ಚಕ್ಕುಲಿಯಂತೆ ಸುರುಳಿ ಸುತ್ತಿ ಮಲಗಿತು. "ನನ್ನನ್ನು ಸುತ್ತಿಕೊಂಡು ಹೋಗಿ. ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು ಒಳಗೆ ಬನ್ನಿ, ಸಾಕು," ಎಂದಿತು.

ಅಂದಿನಿಂದ ಒಂದು ಇರುವೆಯೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯಲಿಲ್ಲ. ಒಂದೂ ಸುಮ್ಮನೆ ನಿಂತು ಕಾಯಲಿಲ್ಲ. ಒಂದೂ ಮನೆ ಸೇರಲಿಲ್ಲ.

ಮೂರನೆಯ ದಿನ ಗೋಸುಂಬೆ ಬೇಲಿಯಿಂದ ಕೂಗಿತು: "ಎಲೇ ಇರುವೆ, ನಿನ್ನ ದಾರಿಯನ್ನು ಆಗಲೇ ನೂರು ಸಲ ದಾಟಿದೆಯಲ್ಲ! ಯಾಕೆ ತಿರುಗುವುದಿಲ್ಲ?"

"ಮುಂದಿನವರು ತಿರುಗಲಿ ಸ್ವಾಮಿ, ಅವರ ಹಿಂದೆಯೇ ತಿರುಗುತ್ತೇನೆ," ಎಂದಿತು ಇರುವೆ, ನಡೆಯುತ್ತಲೇ.

"ಅವರು ಯಾರಿಗೆ ಕಾಯುತ್ತಿದ್ದಾರೆ?"

"ಅವರ ಮುಂದಿನವರಿಗೆ."

ಗೋಸುಂಬೆ ಬೇಲಿಯ ತುದಿಗೆ ಹತ್ತಿತು. ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕೆಂಪಾಯಿತು. ಯಾರೂ ತಲೆಯೆತ್ತಲಿಲ್ಲ, ತಲೆಯೆತ್ತುವ ಅಭ್ಯಾಸವೇ ತಪ್ಪಿಹೋಗಿತ್ತು.

"ನೀನಾದರೂ ಹೇಳಬಾರದೇ?" ಎಂದು ಅದು ಹುಳುವನ್ನು ಕೇಳಿತು.

ಹುಳು ಕಣ್ಣು ತೆರೆಯದೆ ಹೇಳಿತು: "ಒಳಗೆ ಬರುವುದು ಹೇಗೆಂದು ಕೇಳಿದರು, ಹೇಳಿದೆ. ಹೊರಗೆ ಹೋಗುವುದು ಹೇಗೆಂದು ಇದುವರೆಗೆ ಯಾರೂ ಕೇಳಿಲ್ಲ."

ಏಳನೆಯ ದಿನ ಆ ಸುತ್ತಿನಲ್ಲಿ ಒಂದೇ ಇರುವೆ ಉಳಿದಿತ್ತು. ಅದು ಸತ್ತುಬಿದ್ದ ಒಬ್ಬೊಬ್ಬರ ಹಿಂದೆಯೂ ನಿಂತು, "ನೀವು ತಿರುಗಿ, ನಾನು ಹಿಂದೆಯೇ ಬರುತ್ತೇನೆ," ಎಂದು ವಿನಯದಿಂದ ಹೇಳುತ್ತಿತ್ತು.