ಹೆಸರು ಬಿಟ್ಟ ಗುಡ್ಡ

ಹೊಳೆ ಕಡಲು ಸೇರುವಲ್ಲಿ ಒಂದು ಬೋಳು ಗುಡ್ಡ, ಅದರ ನೆತ್ತಿಯಲ್ಲಿ ಕನ್ಯಾಸ್ತ್ರೀಯರ ಹಳೆಯ ಮಠ, ಪಕ್ಕದಲ್ಲೇ ಇಗರ್ಜಿ. ಹೆಸರು ಬಿಟ್ಟ ಗುಡ್ಡವೆಂದು ಬಸ್ಸಿನ ಕಂಡಕ್ಟರನೂ ಕೂಗುತ್ತಾನೆ. ಯಾರ ಹೆಸರು, ಬಿಟ್ಟದ್ದೇಕೆ ಎಂದು ಕೇಳುವಷ್ಟು ಪುರುಸೊತ್ತು ಇಳಿಯುವವರಿಗಿಲ್ಲ.

ಹಿಂದೆ ಒಮ್ಮೆ ಇಲ್ಲಿನ ಸಿಸ್ಟರುಗಳು ಗ್ರೀಕರ ನಾಡಿನ ಪುರಾತನ ಕ್ರಮದಲ್ಲಿ ಸಂತರ ಚಿತ್ರ ಬರೆಯುತ್ತಿದ್ದರಂತೆ. ಉಪವಾಸವಿದ್ದು, ಜಪ ಹೇಳುತ್ತ, ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಬರೆಯಬೇಕು. ಬರೆದವಳು ಹೆಸರು ಹಾಕಕೂಡದು. ಅವರಲ್ಲಿ ಒಬ್ಬಳ ಕೈ ಎಲ್ಲರಿಗಿಂತ ಮೇಲು. ಊರವರ ಬಾಯಲ್ಲಿ ಅವಳು ಬಣ್ಣದ ಸಿಸ್ಟರ್. ಮರಿಯಮ್ಮನ ಚಿತ್ರಕ್ಕೆ ಕೂತಾಗ, ಇಷ್ಟು ಚಂದದ್ದನ್ನು ಮಾಡಿದವಳು ಯಾರೆಂದು ತಿಳಿಯದೇ ಹೋಗುತ್ತದಲ್ಲ ಎಂದು ಅವಳಿಗೆ ಸಂಕಟವಾಯಿತು. ಹಲಸಿನ ಹಲಗೆಯ ಬಿಳಿ ತಳದ ಮೇಲೆ, ಪಾದ ಬರುವಲ್ಲಿ, ಮಠಕ್ಕೆ ಸೇರುವ ಮೊದಲಿನ ತನ್ನ ಹುಟ್ಟುಹೆಸರು ಬರೆದು, ಅದರ ಮೇಲೆ ಪಾದ ಚಿತ್ರಿಸಿಬಿಟ್ಟಳು.

ಭಕ್ತರು ಮುತ್ತಿಡುವುದು ಪಾದಕ್ಕೇ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಮರೆತೇ ಹೋಗಿತ್ತು. ಇಪ್ಪತ್ತು ವರ್ಷದ ಮುತ್ತಿಗೆ ಬಣ್ಣ ಸವೆದು ಅಕ್ಷರಗಳು ಮೇಲೆ ಬಂದವು. ಯಾರೋ ಸಂತಮ್ಮನ ಹೆಸರೆಂದು ಜನ ನಂಬಿದರು. ಅವಳು ತುಟಿ ಬಿಚ್ಚಲಿಲ್ಲ. ಒಂದು ಭಾನುವಾರ ಮೀನು ಮಾರುವ ಕೊರ್ಡಿನ್ ಬಾಯಿ ಎಂಬ ಹೆಂಗಸು ಪಾದಕ್ಕೆ ಮುತ್ತಿಟ್ಟು ಎದ್ದವಳು, "ಸಿಸ್ಟರೇ, ಇದನ್ನು ಸ್ವಲ್ಪ ಓದಿ ಹೇಳಿ. ಮೊಮ್ಮಗಳಿಗೆ ಈ ಸಂತಮ್ಮನ ಹೆಸರೇ ಇಡುವ ಅಂತ ಉಂಟು" ಎಂದಳು. ಬಣ್ಣದ ಸಿಸ್ಟರಿಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು.

ಹೆಸರನ್ನು ಓದಿ ಹೇಳಿ, "ಸಂತಮ್ಮನದ್ದಲ್ಲ ಬಾಯಮ್ಮ, ನನ್ನದು" ಎಂದಳು, ಎಲ್ಲರಿಗೂ ಕೇಳುವಂತೆ. ಕೊರ್ಡಿನ್ ಬಾಯಿ ಗುಡ್ಡ ಇಳಿದಳು.

ಹೆಸರನ್ನು ಕೆರೆಯಲು ಚಾಕು ಹಿಡಿದು ಹೋದವಳನ್ನು ಮಠದ ಹಿರಿಯರಾದ ಮದರ್ ಅಪೊಲಿನ್ ತಡೆದರು. "ಕೈ ಹಾಕಬೇಡ. ಜನರ ಮುತ್ತೇ ಅದನ್ನು ಅಳಿಸಲಿ. ಅಲ್ಲಿಯ ತನಕ ನೀನು ಪಕ್ಕದಲ್ಲಿ ನಿಲ್ಲು." ಹನ್ನೊಂದು ವರ್ಷ, ಪ್ರತಿ ಭಾನುವಾರ, ಅವಳು ತಲೆ ತಗ್ಗಿಸಿ ನಿಂತಳು ಎನ್ನುತ್ತಾರೆ. ಒಬ್ಬೊಬ್ಬರು ಬಗ್ಗಿದಾಗಲೂ ಅವಳ ಮುಖ ಕೆಂಪಾಗುತ್ತಿತ್ತಂತೆ. ಕೊನೆಯ ಅಕ್ಷರ ಅಳಿದ ಮೇಲೆ, ತನ್ನ ಗೋರಿಗೂ ಹೆಸರು ಬೇಡ, ಯಾರೂ ತನ್ನ ಹೆಸರೆತ್ತುವುದೂ ಬೇಡ ಎಂದು ಬೇಡಿಕೊಂಡಳು.

ಈಗಲೂ ಹೋದವರಿಗೆ ಮರಿಯಮ್ಮನ ಪಾದದ ಜಾಗದಲ್ಲಿ ಬರಿಯ ಮರ ಕಾಣುತ್ತದೆ, ಇಗರ್ಜಿಯ ಹಿಂದೆ ಹೆಸರಿಲ್ಲದ ಒಂದು ಗೋರಿ. ಆ ಹೆಸರು ಯಾವುದೆಂದು ಕೊರ್ಡಿನ್ ಬಾಯಿಯ ಮನೆತನದವರನ್ನು ಕೇಳಿದರೆ, ಮರೆತುಹೋಗಿದೆ ಎನ್ನುತ್ತಾರೆ. ಆದರೆ ಆ ಮನೆಯಲ್ಲಿ ತಲೆಮಾರಿಗೊಬ್ಬ ಹೆಣ್ಣುಮಗುವಿಗೆ ಇಂದಿಗೂ ಅದನ್ನೇ ಇಡುತ್ತಾರೆ.